ಕಪ್ಪೆ ಕಚ್ಚುವ ನೊರಜಿನ ಹೊಸ ಪ್ರಭೇದ ವಿವರಿಸುವುದು ಹೇಗೆ? ಬಲೆ ಕಟ್ಟುವುದರಿಂದ ಪ್ರಕಟಣೆಯವರೆಗೆ

ಗಂಡು ಕಪ್ಪೆ ಕೂಗುವುದು ಹೆಣ್ಣನ್ನು ಕರೆಯುವುದಕ್ಕೆ. ಆದರೆ ಆ ಕೂಗನ್ನು ಕೇಳಿಸಿಕೊಂಡು ಬರುವ ಇನ್ನೊಂದು ಜೀವಿಯೂ ಇದೆ. ಒಂದೆರಡು ಮಿಲಿಮೀಟರಿನ ನೊರಜು ಅದು. ಹೆಣ್ಣು ನೊರಜು ಸದ್ದಿನ ಜಾಡು ಹಿಡಿದು ಕತ್ತಲಲ್ಲಿ ಹಾರಿ ಬರುತ್ತದೆ, ಕಪ್ಪೆಯ ಮೈಮೇಲೆ ಇಳಿಯುತ್ತದೆ, ಸೂಕ್ತ ಜಾಗ ಸಿಗುವವರೆಗೆ ನಡೆದು ಹೋಗಿ ರಕ್ತ ಹೀರುತ್ತದೆ. ಮಧ್ಯ ಅಮೆರಿಕದ ತುಂಗಾರ ಕಪ್ಪೆಯಲ್ಲಿ ಮೂಗಿನ ಹೊಳ್ಳೆಗೇ ಹೋಗಿ ಕೂರುವುದನ್ನು ನೋಡಿದ್ದಾರೆ. ಇವುಗಳ ಕುಟುಂಬ ಕೊರೆತ್ರೆಲ್ಲಿಡೆ, ಈಗ ಬದುಕಿರುವ ಕುಲ ಒಂದೇ, ಕೊರೆತ್ರೆಲ್ಲಾ. ಜಗತ್ತಿನಲ್ಲಿ ಇದುವರೆಗೆ 100ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರು ಬಿದ್ದಿದೆ, ಹೆಚ್ಚಿನವು ಉಷ್ಣವಲಯದವು. ಲೆಬನಾನಿನ ಅಂಬರಿನಲ್ಲಿ ಸಿಕ್ಕ ಇದರ ಪಳೆಯುಳಿಕೆ ಡೈನೋಸಾರ್ ಕಾಲದ್ದು.

ಹಾಸನ, ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಕಪ್ಪೆಗಳ ಮೇಲೆ ತುಂಬಾ ಕೆಲಸ ಆಗಿದೆ. ಕಪ್ಪೆಯ ಮೈಮೇಲೆ ಕೂರುವ ನೊರಜನ್ನು ನೋಡಿದವರು ತೀರಾ ಕಡಿಮೆ. ಬಿಸ್ಲೆ, ಸಕಲೇಶಪುರ, ಮೂಡಿಗೆರೆ, ಕುದುರೆಮುಖ, ಬಾಬಾಬುಡನ್‌ಗಿರಿ ಸುತ್ತ ಯಾರಾದರೂ ಶ್ರದ್ಧೆಯಿಂದ ಹುಡುಕಿದರೆ ಹೆಸರಿಲ್ಲದ ಪ್ರಭೇದ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಪಿಯುಸಿ ಮೇಷ್ಟ್ರು, ಡಿಗ್ರಿ ಕಾಲೇಜಿನ ವಿದ್ಯಾರ್ಥಿ, ಕೀಟದ ಹುಚ್ಚಿರುವ ತೋಟದವರು, ಯಾರು ಬೇಕಾದರೂ ಈ ಕೆಲಸ ಕಲಿಯಬಹುದು. ಬೇಕಾದದ್ದು ತಾಳ್ಮೆ, ಒಂದು ಒಳ್ಳೆಯ ಮೈಕ್ರೋಸ್ಕೋಪು, ಜೊತೆಗೆ ಬರೆದಿಡುವ ಅಭ್ಯಾಸ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರಿಡುವುದು ಇದರಲ್ಲಿ ಚಿಕ್ಕ ಕೆಲಸ. ನೀವು ನೋಡಿದ್ದನ್ನೇ ಐವತ್ತು ವರ್ಷ ಬಿಟ್ಟು ಇನ್ನೊಬ್ಬರು ತೆಗೆದು ನೋಡಿ "ಹೌದು, ಇದೇ" ಅನ್ನುವ ಹಾಗೆ ಇಟ್ಟು ಹೋಗುವುದು ದೊಡ್ಡ ಕೆಲಸ. ಕೆಳಗೆ ಬರೆದಿದ್ದೆಲ್ಲ ಅದಕ್ಕಾಗಿಯೇ.

ಮೊದಲು ಅನುಮತಿ

ಕಾಫಿ ತೋಟದಲ್ಲಾದರೆ ಮಾಲೀಕರನ್ನು ಕೇಳಿ, ರಾತ್ರಿ ಬರುತ್ತೇವೆ ಅಂತ ತೋಟದ ಲೆಕ್ಕ ನೋಡುವ ರೈಟರಿಗೂ ಹೇಳಿಡಿ, ಕಾವಲಿನವರಿಗೂ ಹೇಳಿಡಿ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಅರಣ್ಯದಂಥ ಕಡೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಂದಲೇ ಅನುಮತಿ ತರಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಹಾಗಾಗಿ ಮುಂಗಾರಿಗೆ ಕೆಲಸ ಶುರು ಮಾಡಬೇಕಿದ್ದರೆ ದೀಪಾವಳಿ ಹೊತ್ತಿಗೇ ಅರ್ಜಿ ಹಾಕಿ. ನನ್ನ ಸಲಹೆ ಕೇಳಿದರೆ ತೋಟದ ಕೆರೆಯಿಂದಲೇ ಶುರು ಮಾಡಿ. ಮರದ ನೆರಳಿನ ಹಳೇ ತೋಟಗಳಲ್ಲಿ ಕಪ್ಪೆಗೇನೂ ಕಮ್ಮಿ ಇಲ್ಲ.

ಕಾನೂನಿನ ಇನ್ನೊಂದು ಕಡೆಯನ್ನೂ ಈಗಲೇ ತಿಳಿದಿರಿ. ಜೀವವೈವಿಧ್ಯ ಕಾಯ್ದೆ 2002ರ 39ನೇ ಕಲಂ ಪ್ರಕಾರ ಹೊಸ ಜೀವಿ ಕಂಡುಹಿಡಿದವರು ಅದನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಬೇಕು, ಮಾದರಿಯನ್ನೂ ಅಲ್ಲಿ ಇಡಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ಹೊರದೇಶದ ತಜ್ಞರಿಗೆ ಸುಮ್ನೆ ಅಂಚೆಯಲ್ಲಿ ನೊರಜು ಕಳಿಸುವ ಹಾಗಿಲ್ಲ. ಅದಕ್ಕೆ ನಿಯಮಗಳಿವೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ವಿಚಾರಿಸಿ.

ಕೂಗಿನ ಬಲೆ

1977ರಲ್ಲಿ ಅಮೆರಿಕದ ಜೀವವಿಜ್ಞಾನಿ ಸ್ಟರ್ಜಿಸ್ ಮೆಕೀವರ್ ಈ ನೊರಜುಗಳು ಮರಗಪ್ಪೆಗಳ ರಕ್ತ ಹೀರುವುದನ್ನು ವರದಿ ಮಾಡಿದರು. ಆಮೇಲೆ ಕಪ್ಪೆಯ ಕೂಗನ್ನು ರೆಕಾರ್ಡ್ ಮಾಡಿ ನುಡಿಸಿದರೆ ಸಾಕು, ಕಪ್ಪೆಯೇ ಇಲ್ಲದ ಕಡೆಗೂ ನೊರಜು ಬರುತ್ತದೆ ಅನ್ನುವುದು ಖಚಿತವಾಯಿತು. ಅಲ್ಲಿಯವರೆಗೆ ಅಪರೂಪ ಅನ್ನಿಸಿಕೊಂಡಿದ್ದ ಕೀಟ ಆಮೇಲೆ ಮುಷ್ಟಿಗಟ್ಟಲೆ ಸಿಗತೊಡಗಿತು.

ಬಲೆಗೆ ಬೇಕಾದದ್ದು ಇಷ್ಟೇ. ಸೊಳ್ಳೆ ಹಿಡಿಯಲು ಆರೋಗ್ಯ ಇಲಾಖೆಯವರು ಬಳಸುವ ಬ್ಯಾಟರಿ ಫ್ಯಾನಿನ ಬಲೆ ನೋಡಿರಬಹುದು. ಅದರ ಬಲ್ಬು ತೆಗೆದುಹಾಕಿ. ದೀಪ ಇದ್ದರೆ ಊರ ಪತಂಗವೆಲ್ಲ ಬಂದು ತುಂಬುತ್ತದೆ, ಅದರ ರೆಕ್ಕೆಯ ಹುಡಿ ನೊರಜಿನ ಮೇಲೆ ಮೆತ್ತಿಕೊಂಡರೆ ಮುಗೀತು, ಏನೂ ಕಾಣುವುದಿಲ್ಲ. ಬಲ್ಬಿನ ಜಾಗದಲ್ಲಿ ಒಂದು ಚಿಕ್ಕ ಸ್ಪೀಕರ್ ಇಡಿ. ಸದ್ದಿಗೆ ಹತ್ತಿರ ಬಂದ ನೊರಜನ್ನು ಫ್ಯಾನ್ ಕೆಳಗೆ ಎಳೆದು ನುಣುಪು ಬಟ್ಟೆಯ ಚೀಲಕ್ಕೆ ಹಾಕುತ್ತದೆ. ಮಾಮೂಲಿ ಸೊಳ್ಳೆಪರದೆಯ ಬಟ್ಟೆ ಸಾಲುವುದಿಲ್ಲ, ಕಣ್ಣು ದೊಡ್ಡದು, ನೊರಜು ನುಸುಳಿ ಹೋಗುತ್ತದೆ. ವಾಯಿಲ್ ಬಟ್ಟೆ ಒಳ್ಳೆಯದು. ಫ್ಯಾನಿನ ಬಲೆ ಸಿಗದಿದ್ದರೆ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು, ನಡುವೆ ಒಂದು ಡಬ್ಬಿ ಬೋರಲು ಹಾಕಿ ಅದರ ಮೇಲೆ ಸ್ಪೀಕರ್ ಇಟ್ಟರೂ ಕೆಲಸ ಆಗುತ್ತದೆ.

ಯಾವ ಕೂಗು ನುಡಿಸಬೇಕು? ಆ ಜಾಗದಲ್ಲೇ ಹಿಂದಿನ ರಾತ್ರಿ ರೆಕಾರ್ಡ್ ಮಾಡಿದ ಕೂಗಿನಿಂದ ಶುರು ಮಾಡಿ. ತೆಳು ದನಿಗಿಂತ ತಗ್ಗು ಸ್ವರದ ಕೂಗಿಗೆ ಇವು ಜಾಸ್ತಿ ಬರುತ್ತವೆ ಅಂತ ಪ್ರಯೋಗಗಳಲ್ಲಿ ಗೊತ್ತಾಗಿದೆ. ಆದರೂ ಒಂದೇ ಕೂಗಿಗೆ ಅಂಟಿಕೊಳ್ಳಬೇಡಿ. ಒಂದು ರಾತ್ರಿ ಮರಗಪ್ಪೆ, ಇನ್ನೊಂದು ರಾತ್ರಿ ಗದ್ದೆ ಕಪ್ಪೆ, ಹೀಗೆ ಬದಲಿಸಿ. ಪಕ್ಕದಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ದೂರ ಸದ್ದಿಲ್ಲದ ಇನ್ನೊಂದು ಬಲೆ ಇಡಿ. ಅದರಲ್ಲಿ ಏನೂ ಇಲ್ಲ, ಇದರಲ್ಲಿ ಇದೆ ಅಂದರೆ ಕೂಗಿಗೇ ಬಂದದ್ದು ಅಂತ ನೀವು ಧೈರ್ಯವಾಗಿ ಬರೆಯಬಹುದು.

ಜಾಗದ ವಿಷಯಕ್ಕೆ ಬಂದರೆ, ಭೋರ್ಗರೆಯುವ ಹಳ್ಳದ ಪಕ್ಕ ಬೇಡ, ನೀರಿನ ಸದ್ದು ಸ್ಪೀಕರನ್ನು ನುಂಗಿಬಿಡುತ್ತದೆ. ತೋಟದ ಕೆರೆಯ ಏರಿ, ಗದ್ದೆ ಕಾಡಿಗೆ ತಾಗುವ ಅಂಚು, ಬಿದಿರುಮೆಳೆ ಹತ್ತಿರ ಒಳ್ಳೆಯದು. ಮಲಬಾರ್ ಹಾರುಗಪ್ಪೆ ನೀರಿನ ಮೇಲಿನ ಕೊಂಬೆಗೆ ನೊರೆಗೂಡು ಕಟ್ಟುವ ಜಾಗ ಸಿಕ್ಕರೆ ಅಲ್ಲೇ ಹೂಡಿ. ಏಪ್ರಿಲ್, ಮೇ ತಿಂಗಳ ಹೂಮಳೆ ಬಿದ್ದ ಮೇಲಿನ ರಾತ್ರಿಗಳಿಂದಲೇ ಪ್ರಯತ್ನಿಸಬಹುದು. ಜುಲೈನ ಜಡಿಮಳೆಯಲ್ಲಿ ನೊರಜು ಹಾರುವುದೂ ಕಷ್ಟ, ನಿಮ್ಮ ಸ್ಪೀಕರ್ ಉಳಿಯುವುದೂ ಕಷ್ಟ. ಮಳೆ ಬಿಟ್ಟು ಬಿಟ್ಟು ಬರುವ ದಿನ, ಕತ್ತಲಾದ ಮೊದಲ ಎರಡು ಮೂರು ಗಂಟೆ ಕೂತು ನೋಡಿ. ಉಂಬಳಕ್ಕೆ ಕಾಲುಚೀಲ ಹಾಕಿಕೊಳ್ಳಿ. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಬಲೆ ಮುಟ್ಟಬೇಡಿ, ಕಪ್ಪೆಯನ್ನಂತೂ ಯಾವ ಕೈಯಲ್ಲೂ ಮುಟ್ಟಬೇಡಿ. ಕಪ್ಪೆ ಮೈಮೇಲೆ ನೊರಜು ಕಂಡರೆ ದೂರದಿಂದ ಫೋಟೋ ತೆಗೆಯಿರಿ, ಅದಕ್ಕೆ ಬೆಲೆ ಇದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಗಂಬೂಟು ತೊಳೆದು ಒಣಗಿಸಿ, ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ಹೀಗೂ ದಾಟುತ್ತದೆ.

ಮರದ ಪೊಟರೆಯಲ್ಲಿ ಮರಿ

ಕೂಗಿಗೆ ಬರುವುದು ಹೆಣ್ಣು ಮಾತ್ರ. ಗಂಡು ರಕ್ತ ಹೀರುವುದಿಲ್ಲ, ಬಲೆಗೆ ಬೀಳುವುದು ಅಪರೂಪ. ಗಂಡು ಬೇಕು ಅಂದರೆ ಮರಿಹುಳದಿಂದ ಸಾಕುವುದೇ ಸರಿಯಾದ ದಾರಿ. ಮರಿಹುಳಗಳು ನಿಂತ ನೀರಿನಲ್ಲಿರುತ್ತವೆ: ಮರದ ಪೊಟರೆ, ಕಡಿದ ಬಿದಿರಿನ ಬುಡ, ನೀರು ನಿಲ್ಲುವ ಎಲೆ ಕಂಕುಳು, ಜೌಗಿನ ಅಂಚು. ಉದ್ದ ಪಿಪೆಟ್ಟಿನಿಂದ ನೀರನ್ನು ಎಳೆದು ಬಿಳಿ ತಟ್ಟೆಗೆ ಹಾಕಿ ನೋಡಿ. ಸೊಳ್ಳೆ ಮರಿಯ ಹಾಗೇ ಕಾಣುತ್ತದೆ, ಆದರೆ ಇದು ಬೇಟೆಗಾರ. ಮೀಸೆ (ಆಂಟೆನಾ) ಚಾಚಿ ಸೊಳ್ಳೆ ಮರಿಯನ್ನೋ ನೀರಿನ ಚಿಕ್ಕ ಜೀವಿಯನ್ನೋ ಹಿಡಿದು ತಿನ್ನುತ್ತದೆ. ಹಾಗಾಗಿ ಒಂದು ಸೀಸೆಗೆ ಒಂದೇ ಮರಿ. ಆಗಷ್ಟೇ ಮೊಟ್ಟೆಯೊಡೆದ ಸೊಳ್ಳೆ ಮರಿಗಳನ್ನು ಆಹಾರಕ್ಕೆ ಬಿಡಿ. ಮರಿ ಬಿಟ್ಟ ಕೊನೆಯ ಪೊರೆ, ಕೋಶದ (ಪ್ಯೂಪಾ) ಪೊರೆ, ಹೊರಬಂದ ನೊರಜು, ಈ ಮೂರಕ್ಕೂ ಒಂದೇ ನಂಬರ್ ಕೊಟ್ಟು ಒಟ್ಟಿಗೆ ಇಡಿ. ಇದೊಂದನ್ನು ಮಾಡಿದರೆ ನಿಮ್ಮ ವಿವರಣೆ ಬರೀ ಹೆಣ್ಣಿನ ವಿವರಣೆಗಿಂತ ಎಷ್ಟೋ ಪಾಲು ಗಟ್ಟಿಯಾಗುತ್ತದೆ. ಬಂದ ನೊರಜನ್ನು ತಕ್ಷಣ ಸಾಯಿಸಬೇಡಿ. ಒಂದು ದಿನ ಬಿಟ್ಟರೆ ಮೈ ಗಟ್ಟಿಯಾಗಿ ಬಣ್ಣ ಪೂರ್ತಿ ಬರುತ್ತದೆ.

ಸೀಸೆ ಮತ್ತು ಚೀಟಿ

ಹಿಡಿದದ್ದರಲ್ಲಿ ಒಂದಿಷ್ಟನ್ನು 70ರಿಂದ 80 ಶೇಕಡ ಎಥನಾಲ್‌ನಲ್ಲಿ, ಡಿಎನ್‌ಎಗೆ ಅಂತ ಒಂದಿಷ್ಟನ್ನು 95 ಶೇಕಡದಲ್ಲಿ ಇಡಿ. ಎರಡನೆಯದರಲ್ಲಿ ಕೀಟ ಸೆಟೆದು ಮುರಿಯುತ್ತದೆ, ಅದಕ್ಕೇ ಎರಡೂ ಬೇಕು.

ಚೀಟಿಯನ್ನು ಸೀಸೆಯ ಒಳಗೇ ಹಾಕಿ. ಹೊರಗೆ ಅಂಟಿಸಿದ್ದು ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ. ಬಾಲ್ ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ ಹೋಗುತ್ತದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಇಲ್ಲಾಂದ್ರೆ ಇಂಡಿಯನ್ ಇಂಕ್. ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಯಾವ ಕಪ್ಪೆಯ ಕೂಗಿಗೆ ಬಂತು, ಇಷ್ಟೂ ಇರಲಿ. "ಸಕಲೇಶಪುರ" ಅಂತ ಮಾತ್ರ ಬರೆದರೆ ಸಾಲದು. ಘಟ್ಟದ ಕಾಡೂ ಸಕಲೇಶಪುರವೇ, ಬಸ್ ಸ್ಟ್ಯಾಂಡೂ ಸಕಲೇಶಪುರವೇ, ಅಲ್ವಾ?

ಇದು ಕೊರೆತ್ರೆಲ್ಲಾ ಹೌದಾ?

ಕಪ್ಪೆ ಕೂಗಿಗೆ ಬೇರೆ ಕೀಟಗಳೂ ಬರುತ್ತವೆ. ಯುರಾನೊಟೀನಿಯಾ ಕುಲದ ಕೆಲವು ಸೊಳ್ಳೆಗಳಿಗೂ ಕಪ್ಪೆ ರಕ್ತ ಇಷ್ಟ. ಸೊಳ್ಳೆಯಾದರೆ ಉದ್ದ ಸೊಂಡಿಲು ಇರುತ್ತದೆ, ಕೊರೆತ್ರೆಲ್ಲಾದ ಬಾಯಿ ಗಿಡ್ಡ. ದನಗಳಿಗೂ ನಮಗೂ ಕಚ್ಚುವ ಕುಲಿಕಾಯ್ಡಿಸ್ ನೊರಜಿಗೆ ರೆಕ್ಕೆಯ ನರಗಳು ಕಡಿಮೆ. ಕೊರೆತ್ರೆಲ್ಲಾದ ನರಗಳ ಜೋಡಣೆ ಸೊಳ್ಳೆಯದಕ್ಕೆ ಹತ್ತಿರ, ಮೇಲೆ ರೋಮ ದಟ್ಟ. ರೆಕ್ಕೆಯ ಮುಂದಿನ ಅಂಚಿನಲ್ಲಿ ಆರ್-1 ಅನ್ನುವ ನರ ಮುಗಿಯುವ ಜಾಗ ನೋಡಿ. ಅದು ಆರ್-2 ಅನ್ನುವ ನರದ ತುದಿಗಿಂತ ಸಬ್‌ಕೋಸ್ಟಾ ಅನ್ನುವ ನರದ ತುದಿಗೆ ಹತ್ತಿರ ಇರುತ್ತದೆ. ಇದೊಂದು ಗುರುತು ಕೈಗೆ ಹತ್ತಿದರೆ ಮುಂದೆ ಗೊಂದಲ ಆಗುವುದಿಲ್ಲ.

ಸ್ಲೈಡ್ ಮಾಡುವುದು

ಇಲ್ಲಿ ಅವಸರ ಮಾಡಲೇಬೇಡಿ. ಈ ಕುಲದಲ್ಲಿ ಪ್ರಭೇದ ಪ್ರಭೇದಗಳ ವ್ಯತ್ಯಾಸ ಮೀಸೆಯ ಗೆಣ್ಣುಗಳಲ್ಲಿ, ಹಣೆಯ ರೋಮಗಳಲ್ಲಿ, ದವಡೆಯ ಹಲ್ಲುಗಳಲ್ಲಿ ಇರುತ್ತದೆ, ಅವೆಲ್ಲ ಒಳ್ಳೆಯ ಸ್ಲೈಡ್ ಇಲ್ಲದೆ ಕಾಣುವುದಿಲ್ಲ.

ಮೊದಲು ಇಡೀ ನೊರಜಿನ ಫೋಟೋ ತೆಗೆದುಕೊಳ್ಳಿ, ರೆಕ್ಕೆಯ ಪಟ್ಟೆ ಮತ್ತು ಎದೆಯ ಬಣ್ಣ ಬರೆದುಕೊಳ್ಳಿ. ಮುಂದಿನ ಹಂತದಲ್ಲಿ ಬಣ್ಣ ಹೋಗುತ್ತದೆ. ಡಿಎನ್‌ಎ ತೆಗೆಯುವುದಿದ್ದರೆ ಅದೂ ಈಗಲೇ. ಒಂದೆರಡು ಕಾಲು ಕೊಡಬಹುದು, ಅಥವಾ ಮೈ ಪುಡಿ ಮಾಡದೆ ದ್ರಾವಣದಲ್ಲಿ ನೆನೆಸಿ ತೆಗೆಯುವ ವಿಧಾನ ಇದೆ, ಆಮೇಲೆ ಅದೇ ಕೀಟವನ್ನು ಸ್ಲೈಡಿಗೆ ಬಳಸಬಹುದು. ಪ್ರಭೇದ ಗುರುತಿಸಲು ಬಳಸುವ ಸಿಒಐ ಅನ್ನುವ ಜೀನಿನ 658 ಅಕ್ಷರದ ತುಂಡು ಸಾಮಾನ್ಯವಾಗಿ ಓದಿಸುತ್ತಾರೆ. ಇದು ಗಂಡು, ಹೆಣ್ಣು, ಮರಿ ಒಂದೇ ಪ್ರಭೇದದ್ದು ಅಂತ ತೋರಿಸಲು ತುಂಬಾ ಸಹಾಯಕ. ಆದರೆ ಡಿಎನ್‌ಎ ಒಂದನ್ನೇ ನಂಬಿ ಹೊಸದು ಅನ್ನಬೇಡಿ.

ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಿಂದ ಒಂದು ರೆಕ್ಕೆ ಬಿಡಿಸಿ ಬೇರೆ ಇಡಿ, ರೆಕ್ಕೆಗೆ ಕ್ಷಾರ ಬೇಡ. ಉಳಿದ ಮೈಯನ್ನು 10 ಶೇಕಡ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಹಾಕಿ. ಒಳಗಿನ ಮಾಂಸ ಕರಗಿ ಬರೀ ಚಿಪ್ಪು ಪಾರದರ್ಶಕವಾಗಿ ಉಳಿಯಬೇಕು. ತಣ್ಣಗೆ ಇಟ್ಟರೆ ಒಂದು ರಾತ್ರಿ, ಬಿಸಿ ಮಾಡಿದರೆ ನಿಮಿಷಗಳ ಲೆಕ್ಕ, ಕಣ್ಣು ತೆಗೆಯದೆ ನೋಡುತ್ತಿರಬೇಕು. ಆಮೇಲೆ ನೀರು, ಎರಡು ಹನಿ ಅಸಿಟಿಕ್ ಆಮ್ಲ, ಅಲ್ಲಿಂದ ಹಂತ ಹಂತವಾಗಿ ಎಥನಾಲ್, ಕೊನೆಗೆ ಲವಂಗದ ಎಣ್ಣೆ. ನೀರಿನಂಶ ಒಂದಿಷ್ಟು ಉಳಿದರೂ ಸ್ಲೈಡಿಗೆ ಕೂರಿಸಲು ಬಳಸುವ ಅಂಟು, ಕೆನಡಾ ಬಾಲ್ಸಂ, ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ಈಗ ತಲೆ, ಎದೆ, ಹೊಟ್ಟೆ ಬಿಡಿಸಿ. ಸ್ಲೈಡಿನ ಮೇಲೆ ಬಾಲ್ಸಂನ ಚಿಕ್ಕ ಚಿಕ್ಕ ಹನಿ ಇಟ್ಟು ಒಂದೊಂದಕ್ಕೆ ಒಂದೊಂದು ಭಾಗ ಇಳಿಸಿ, ಒಂದೊಂದಕ್ಕೂ ಬೇರೆ ಕವರ್ ಸ್ಲಿಪ್. ತಲೆ ನೇರ ಎದುರಿಗೆ ನೋಡಬೇಕು. ಓರೆಯಾದರೆ ಎರಡು ಕಣ್ಣುಗಳ ನಡುವಿನ ರೋಮ ಎಣಿಸುವುದಕ್ಕೆ ಆಗುವುದಿಲ್ಲ. ಹಾಗಾಗಿ ಮೊದಲು ತೆಳ್ಳಗೆ ಬಾಲ್ಸಂ ಹಚ್ಚಿ ತಲೆಯನ್ನು ಕೂರಿಸಿ ಒಂದು ದಿನ ಬಿಡಿ. ಅದು ಹಿಡಿದುಕೊಂಡ ಮೇಲೆ ಮೇಲಿನ ಹನಿ ಹಾಕಿ ಮುಚ್ಚಿ. ಮಳೆಗಾಲದಲ್ಲಿ ನಮ್ಮ ಕಡೆ ಬಾಲ್ಸಂ ಒಣಗುವುದೇ ಇಲ್ಲ, ಬದಲಿಗೆ ಬೂಷ್ಟು ಹಿಡಿಯುತ್ತದೆ. ಮರದ ಪೆಟ್ಟಿಗೆಯೊಳಗೆ ಚಿಕ್ಕ ಬಲ್ಬು ಹಚ್ಚಿ, ಸ್ಲೈಡುಗಳನ್ನು ಮಟ್ಟಸವಾಗಿ ಮಲಗಿಸಿ ಕೆಲವು ವಾರ ಬಿಡಿ. ನಿಲ್ಲಿಸಿಟ್ಟರೆ ಭಾಗಗಳು ಜಾರಿ ಒಂದು ಮೂಲೆಗೆ ಸೇರುತ್ತವೆ.

ಹೊಸದು ಅಂತ ಹೇಗೆ ಹೇಳುವುದು

2008ರಲ್ಲಿ ಕೆನಡಾದ ಕೀಟತಜ್ಞ ಆರ್ಟ್ ಬಾರ್ಕೆಂಟ್ ಜಗತ್ತಿನ ಎಲ್ಲ ಕೊರೆತ್ರೆಲ್ಲಾಗಳನ್ನು ಒಟ್ಟಿಗೆ ಪರಿಷ್ಕರಿಸಿ ಜೂಟ್ಯಾಕ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೊಂದೇ ಲಕ್ಷಣ ನೋಡುತ್ತಾ ಪ್ರಭೇದ ಗುರುತಿಸುವ ಕೀಲಿಯೂ ಅದರಲ್ಲಿದೆ. ಅದು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಿಮ್ಮ ನೊರಜನ್ನು ಆ ಕೀಲಿಯಲ್ಲಿ ನಡೆಸಿ, ಆಮೇಲೆ 2008ರಿಂದ ಈಚೆಗೆ ಬಂದ ಲೇಖನಗಳನ್ನೆಲ್ಲ ಹುಡುಕಿ ಓದಿ. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾದ ಪ್ರಭೇದಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ಹೋಲಿಸಿ. ಯಾವುದಾದರೂ ಪ್ರಭೇದದ ವಿವರಣೆಯಲ್ಲಿ ಅನುಮಾನ ಬಂದರೆ ಅದರ ಮೂಲ ಮಾದರಿ (ಹೆಸರಿಡುವಾಗ ಆಧಾರವಾಗಿದ್ದ ಕೀಟ) ಇರುವ ಸಂಗ್ರಹಾಲಯಕ್ಕೆ ಇ-ಮೇಲ್ ಬರೆದು ಫೋಟೋ ಕೇಳಿ. ಸಂಗ್ರಹಾಲಯದವರು ಸಾಮಾನ್ಯವಾಗಿ ಇಂಥ ಪತ್ರಕ್ಕೆ ಉತ್ತರ ಕೊಡುತ್ತಾರೆ.

ಒಂದೇ ಒಂದು ನೊರಜು ಇದ್ದರೆ ಕಾಯುವುದು ಲೇಸು. ರೆಕ್ಕೆಯ ರೋಮ ಉದುರಿದರೆ ಪಟ್ಟೆ ಮಾಸಿದ ಹಾಗೆ ಕಾಣುತ್ತದೆ, ಎಥನಾಲ್‌ನಲ್ಲಿ ಬಹಳ ದಿನ ಇದ್ದರೂ ಬಣ್ಣ ಇಳಿಯುತ್ತದೆ. ಹತ್ತಾರು ನೊರಜು ಅಳೆದಾಗ ಯಾವುದು ಪ್ರಭೇದದ ಗುಣ, ಯಾವುದು ಆ ಒಂದು ಕೀಟದ ಪಾಡು ಅನ್ನುವುದು ತಾನಾಗಿ ತಿಳಿಯುತ್ತದೆ.

ಹೋಲೋಟೈಪ್: ಕೆಂಪುಹೊಳೆಯ ಕಪ್ಪೆ ಕಲಿಸಿದ್ದು

ಹೆಸರು ಕೊನೆಗೂ ಕಟ್ಟಿಹಾಕಿಕೊಳ್ಳುವುದು ಒಂದೇ ಒಂದು ಮಾದರಿಗೆ, ಅದೇ ಹೋಲೋಟೈಪ್. ಜೊತೆಗೆ ಹೆಸರಿಸುವ ಉಳಿದವು ಪ್ಯಾರಾಟೈಪ್.

ಇದರ ಮಹತ್ವ ತಿಳಿಯಲು ಹಾಸನ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಕಪ್ಪೆಗಳನ್ನು ವಿವರಿಸಿದಾಗ ಅದರಲ್ಲಿ ನಮ್ಮ ಕೆಂಪುಹೊಳೆಯ ಹೆಸರು ಹೊತ್ತ ಪುಟ್ಟ ಕಪ್ಪೆಯೂ ಇತ್ತು, ಇವತ್ತು ಅದನ್ನು ನಿಕ್ಟಿಬಟ್ರಾಕಸ್ ಕೆಂಪೊಳೆಯೆನ್ಸಿಸ್ ಅನ್ನುತ್ತಾರೆ. ಅವರು ಕಾಲೇಜಿನಲ್ಲಿಟ್ಟಿದ್ದ ಮೂಲ ಮಾದರಿಗಳು ಆಮೇಲೆ ಕಳೆದುಹೋದವು. ಅಷ್ಟು ಒಳ್ಳೆಯ ಕೆಲಸ ಮಾಡಿದ ಮನುಷ್ಯ, ಪೊದೆಗಪ್ಪೆಗಳ ಕುಲಕ್ಕೆ 2010ರಲ್ಲಿ ರಾವ್‌ಆರ್ಕೆಸ್ಟಿಸ್ ಅಂತ ಅವರ ಹೆಸರೇ ಬಂತು. ಆದರೂ ಅವರು ಹೇಳಿದ ಕಪ್ಪೆ ನಿಜವಾಗಿ ಯಾವುದು ಅಂತ ತಿಳಿಯಲು ನಂತರದವರು ಅದೇ ಜಾಗಕ್ಕೆ ಹೋಗಿ ಮತ್ತೆ ಹುಡುಕಬೇಕಾಯಿತು. ಕಪ್ಪೆಗೇ ಹೀಗಾದರೆ ಎರಡು ಮಿಲಿಮೀಟರಿನ ನೊರಜಿನ ಗತಿ ಏನು?

ಹಾಗಾಗಿ ಹೋಲೋಟೈಪ್ ನಿಮ್ಮ ಮನೆಯ ಬೀರುವಿನಲ್ಲೋ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲೋ ಇರಬಾರದು. ಗೊತ್ತುಪಡಿಸಿದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಕೊಡಿ, ನೋಂದಣಿ ಸಂಖ್ಯೆ ಪಡೆದುಕೊಳ್ಳಿ, ಅದನ್ನು ಲೇಖನದಲ್ಲಿ ಹಾಕಿ. ಪ್ಯಾರಾಟೈಪುಗಳಲ್ಲಿ ಕೆಲವನ್ನು ಇನ್ನೊಂದು ಸಂಸ್ಥೆಯಲ್ಲಿಡಿ, ಒಂದು ಕಡೆ ಹಾಳಾದರೂ ಇನ್ನೊಂದು ಕಡೆ ಉಳಿಯಲಿ. ಹೋಲೋಟೈಪ್ ಆಯುವಾಗ ಅತ್ಯಂತ ಪೂರ್ತಿಯಾಗಿರುವ, ಎರಡೂ ಮೀಸೆ ಇರುವ ಸ್ಲೈಡನ್ನೇ ಆಯಿರಿ.

ಬರೆಯುವುದು, ಹೆಸರಿಡುವುದು

ವಿವರಣೆಯ ಭಾಷೆ ತಂತಿ ಸಂದೇಶದ ಹಾಗೆ ಚುಟುಕಾಗಿರಲಿ. ಮೊದಲು ಗುರುತು: ಬೇರೆ ಎಲ್ಲ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಒಂದೆರಡು ವಾಕ್ಯ. ಇಡೀ ಲೇಖನದಲ್ಲಿ ಹೆಚ್ಚು ಸಲ ಓದಿಸಿಕೊಳ್ಳುವುದು ಇದೇ, ತಿದ್ದಿ ತಿದ್ದಿ ಬರೆಯಿರಿ. ಆಮೇಲೆ ತಲೆಯಿಂದ ಹೊಟ್ಟೆಯ ತುದಿಯವರೆಗೆ ಕ್ರಮವಾಗಿ ಬನ್ನಿ. ಮೀಸೆಯ ಎಳೆಯಲ್ಲಿ 13 ಗೆಣ್ಣು ಇರುತ್ತವೆ, ಅವುಗಳ ಉದ್ದದ ಅನುಪಾತ, ಯಾವ ಗೆಣ್ಣಿನಲ್ಲಿ ಸಂವೇದನಾ ಗುಳಿಗಳಿವೆ, ಮುಖಫಲಕದ ಆಕಾರ, ರೆಕ್ಕೆಯ ಉದ್ದ ಮತ್ತು ಪಟ್ಟೆ, ಉಗುರು, ಗಂಡು ಸಿಕ್ಕಿದ್ದರೆ ಜನನಾಂಗ. ಪ್ರತಿ ಅಳತೆಗೂ ಕನಿಷ್ಠ, ಗರಿಷ್ಠ, ಎಷ್ಟು ಕೀಟ ಅಳೆದಿರಿ ಅನ್ನುವುದು ಇರಬೇಕು. ರೆಕ್ಕೆ, ತಲೆ, ಮೀಸೆಯ ಚಿತ್ರ ಇಲ್ಲದ ವಿವರಣೆ ಯಾರಿಗೂ ಪ್ರಯೋಜನವಿಲ್ಲ. ಯಾವ ಕೂಗಿಗೆ, ಯಾವ ಹೊತ್ತಿನಲ್ಲಿ, ಎಂಥ ಜಾಗದಲ್ಲಿ ಸಿಕ್ಕಿತು ಅಂತ ಕೊನೆಗೆ ಬರೆಯಿರಿ. ಆ ಭಾಗವನ್ನು ಎರಡು ಸಾಲಿಗೆ ಮುಗಿಸಬೇಡಿ, ಕಪ್ಪೆಗಳ ರೋಗ ಅಧ್ಯಯನ ಮಾಡುವವರು ಹುಡುಕುವುದು ಅದನ್ನೇ. ಈ ನೊರಜುಗಳು ಕಪ್ಪೆಗಳಿಗೆ ಟ್ರಿಪನೊಸೋಮಾ ಎಂಬ ರಕ್ತದ ಪರಾವಲಂಬಿಯನ್ನು ದಾಟಿಸುತ್ತವೆ.

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಪ್ರಭೇದ ಅಂತ ಸ್ಪಷ್ಟವಾಗಿ ಬರೆದಿರಬೇಕು, ಹೋಲೋಟೈಪ್ ಯಾವುದು, ಎಲ್ಲಿ ಇಡಲಾಗಿದೆ ಅಂತ ಹೇಳಿರಬೇಕು, ಬೇರೆಯವುಗಳಿಂದ ಹೇಗೆ ಬೇರೆ ಅನ್ನುವ ವಿವರ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೆಸರು ಊರ್ಜಿತವಾಗುವುದಿಲ್ಲ. ಕೊರೆತ್ರೆಲ್ಲಾ ಸ್ತ್ರೀಲಿಂಗ, ಗುಣವಾಚಕ ಹೆಸರು ಅದಕ್ಕೆ ಹೊಂದಬೇಕು. ಊರಿನ ಹೆಸರಿಗೆ "ಎನ್ಸಿಸ್" ಸೇರಿಸುವುದು ರೂಢಿ. ಗಂಡಸಿನ ಹೆಸರಾದರೆ ಕೊನೆಗೆ "ಇ", ಹೆಂಗಸಿನದಾದರೆ "ಏ". ನಿಮ್ಮದೇ ಹೆಸರು ಇಟ್ಟುಕೊಳ್ಳುವುದು ಶೋಭೆಯಲ್ಲ. ಈ ಕುಲದಲ್ಲಿ ಅದೇ ಹೆಸರು ಮೊದಲೇ ಇಲ್ಲವಲ್ಲ ಅಂತ ನೋಡಿಕೊಳ್ಳಿ.

ಪತ್ರಿಕೆಗೆ ಜೂಟ್ಯಾಕ್ಸಾ ಇದೆ, ನಮ್ಮ ಕೊಯಮತ್ತೂರಿನಿಂದ ಬರುವ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ ಇದೆ. ಇಂಟರ್‌ನೆಟ್ಟಿನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಲೇಖನವನ್ನು ಪ್ರಾಣಿಗಳ ಹೆಸರು ದಾಖಲಿಸುವ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ಸಂಖ್ಯೆ ಲೇಖನದಲ್ಲೇ ಇರುವ ಹಾಗೆ ನೋಡಿಕೊಳ್ಳಿ, ಇದು 2012ರ ತಿದ್ದುಪಡಿಯಿಂದ ಬಂದ ನಿಯಮ. ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಹಾಕುತ್ತೇವೆ ಅನ್ನುವ ಪತ್ರಿಕೆಗಳ ಹತ್ತಿರವೂ ಹೋಗಬೇಡಿ. ತಜ್ಞರು ಓದಿ ತಿದ್ದುಪಡಿ ಹೇಳಿದರೆ ಬೇಜಾರು ಮಾಡಿಕೊಳ್ಳದೆ ಒಂದೊಂದಕ್ಕೂ ಉತ್ತರ ಬರೆಯಿರಿ.

ಪ್ರಕಟವಾಗುವ ಮುಂಚೆ ಹೊಸ ಹೆಸರನ್ನು ಪೇಪರಿನವರಿಗೋ ವಾಟ್ಸಾಪಿನಲ್ಲೋ ಬಿಟ್ಟುಕೊಡಬೇಡಿ. ಲೇಖನ ಬಂದ ಮೇಲೆ ಡಿಎನ್‌ಎ ವಿವರವನ್ನು ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಡಿಎನ್‌ಎ ಭಂಡಾರಕ್ಕೆ ಹಾಕಿದ್ದು ಎಲ್ಲರಿಗೂ ತೆರೆದಿದೆಯಾ ನೋಡಿ, ಬಲೆಗೆ ಬಳಸಿದ ಕೂಗಿನ ರೆಕಾರ್ಡಿಂಗನ್ನೂ ಬೇರೆಯವರಿಗೆ ಸಿಗುವ ಕಡೆ ಇಡಿ. ಅನುಮತಿ ಕೊಟ್ಟ ಅರಣ್ಯ ಕಚೇರಿಗೆ ಒಂದು ಪ್ರತಿ, ಕೆರೆ ಏರಿಯ ಮೇಲೆ ರಾತ್ರಿ ಕೂರಲು ಬಿಟ್ಟ ತೋಟದವರಿಗೆ ಒಂದು ಪ್ರತಿ, ಜೊತೆಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಕೊಡಿ. ಗಂಡು ಸಿಕ್ಕಿಲ್ಲದಿದ್ದರೆ ಪೊಟರೆ ಹುಡುಕುವ ಕೆಲಸ ಇನ್ನೂ ಬಾಕಿ ಇದೆ ಅಂತ ಲೆಕ್ಕ. ಮುಂದಿನ ಹೂಮಳೆಗೆ ಪಿಪೆಟ್ಟು ಹಿಡಿದು ಅದೇ ತೋಟಕ್ಕೆ ಹೋಗಿ.